ಎಲ್‌ಕೆಜಿ ಮಗುವಿಗೆ ದಿನಾ ಎರಡು ಪುಟ ಬರೆಸಬೇಕಾ?

ದಾಸರಹಳ್ಳಿ ಅಪ್ಪ
ಮಗನಿಗೆ ನಾಲ್ಕು ವರ್ಷ ತುಂಬಿ ಸ್ವಲ್ಪ ತಿಂಗಳಾಗಿದೆ. ಎಲ್‌ಕೆಜಿ. ದಿನಾ ಡೈರಿಯಲ್ಲಿ ಎರಡು ಪುಟ ಹೋಮ್‌ವರ್ಕ್ ಬರುತ್ತದೆ. ಒಂದು ಪುಟ ಇಂಗ್ಲಿಷ್ ಸ್ಮಾಲ್ ಲೆಟರ್, ನಾಲ್ಕು ಗೆರೆ ಪುಸ್ತಕದಲ್ಲಿ. ಇನ್ನೊಂದು ಪುಟ ಕನ್ನಡ. ಈ ವಾರ ಋ ನಡೆಯುತ್ತಿದೆ. ನಾನೇ ಋ ಬರೆದು ಎಷ್ಟು ವರ್ಷ ಆಯಿತೋ ಗೊತ್ತಿಲ್ಲ.

ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಎಷ್ಟು ಒತ್ತಿ ಬರೆಯುತ್ತಾನೆ ಅಂದರೆ ಹಿಂದಿನ ಎರಡು ಹಾಳೆಯಲ್ಲೂ ಅಚ್ಚು ಮೂಡಿರುತ್ತದೆ. ಅರ್ಧ ಸಾಲು ಆಗುವಷ್ಟರಲ್ಲಿ ಕೈ ನೋವು ಅಂತ ಅಳು ಶುರು. ಮಿಸ್‌ನ ಕೇಳಿದರೆ ‘ಉಳಿದ ಮಕ್ಕಳೆಲ್ಲ ಬರೆಯುತ್ತಾರೆ ಸಾರ್, ಮನೆಯಲ್ಲಿ ಪ್ರ್ಯಾಕ್ಟೀಸ್ ಮಾಡಿಸಿ’ ಅನ್ನುತ್ತಾರೆ. ಹೆಂಡತಿಗೆ ಹಿಂದೆ ಬೀಳುತ್ತಾನೆ ಅನ್ನುವ ಭಯ. ನಮ್ಮಮ್ಮ ‘ಮಗೂನ ಸುಮ್ನೆ ಬಿಡ್ರೋ’ ಅಂತ ಬೈಯುತ್ತಾರೆ. ನಾನು ಮಧ್ಯದಲ್ಲಿ.

ಹುಡುಗ ದಡ್ಡ ಅಂತೂ ಅಲ್ಲ. ಬಸ್ಸಿನ ನಂಬರ್ ನೋಡಿ ಯಾವ ಕಡೆ ಹೋಗುತ್ತದೆ ಅಂತ ಹೇಳುತ್ತಾನೆ. ಕಥೆಯಲ್ಲಿ ಒಂದು ಮಾತು ಬಿಟ್ಟರೆ ಹಿಡಿದು ನಿಲ್ಲಿಸುತ್ತಾನೆ. ಈ ವಯಸ್ಸಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು? ಅನುಭವ ಇರುವವರು ಹೇಳಿ. ಶಾಲೆ ಹೆಸರು ಮಾತ್ರ ಕೇಳಬೇಡಿ.

ಕಾಫಿಪುಡಿ
ಋ? ನಾಲ್ಕು ವರ್ಷಕ್ಕೆ? ಪಾಪ.

ಹಾಸನದ ಅಮ್ಮ
ನಿಮ್ಮ ಮನೆ ಕಥೆ ನಮ್ಮ ಮನೆಯಲ್ಲೂ ಇದೆ. ಆದರೆ ಒಂದು ಮಾತು, ಎಲ್ಲ ತಪ್ಪು ಶಾಲೆಯದ್ದೇ ಅಲ್ಲ. ಹೋದ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನನ್ನ ಪಕ್ಕ ಕೂತಿದ್ದ ತಾಯಿ ಎದ್ದು ನಿಂತು ಕೇಳಿದರು, ‘ಪಕ್ಕದ ರಸ್ತೆ ಸ್ಕೂಲಲ್ಲಿ ಆಗಲೇ ನೂರರವರೆಗೆ ಬರೆಸಿದ್ದಾರೆ, ನೀವು ಯಾಕೆ ಇನ್ನೂ ಇಪ್ಪತ್ತರಲ್ಲೇ ಇದ್ದೀರಿ?’ ಅಂತ. ಅರ್ಧ ಹಾಲ್ ಚಪ್ಪಾಳೆ. ಪುಸ್ತಕ ತುಂಬಿದ್ದರೆ ಫೀಸು ವಸೂಲಾಯಿತು ಅಂತ ಲೆಕ್ಕ. ಮಗು ಬಾಯಲ್ಲಿ ಹೇಳಿದ್ದು, ಆಡಿದ್ದು ಪುಸ್ತಕದಲ್ಲಿ ಕಾಣಿಸಲ್ಲ ನೋಡಿ.

ನೇರಮಾತು
ಅತಿ ಮುದ್ದು ಮಾಡಬೇಡಿ. ನಾವೆಲ್ಲ ಸ್ಲೇಟು ಬಳಪ ಹಿಡಿದು ತಿದ್ದಿ ತಿದ್ದಿ ಕಲಿತವರೇ. ಯಾರಿಗೂ ಏನೂ ಆಗಲಿಲ್ಲ. ಒಂದು ಪುಟ ಬರೆದರೆ ಮಗು ಸವೆದು ಹೋಗಲ್ಲ.

ಹಾಸನದ ಅಮ್ಮ
@ನೇರಮಾತು ನೀವು ಸ್ಲೇಟು ಹಿಡಿದಾಗ ನಿಮ್ಮ ವಯಸ್ಸು ಎಷ್ಟು ಸಾರ್? ಐದೂವರೆ, ಆರು ಇರಬೇಕು. ಆಗ ಸೀದಾ ಒಂದನೇ ಕ್ಲಾಸಿಗೆ ಸೇರಿಸುತ್ತಿದ್ದರು. ಇಲ್ಲಿ ಮಾತು ನಾಲ್ಕು ವರ್ಷದ್ದು.

ನೇರಮಾತು
ಸರಿ, ಅದು ಒಪ್ಪುವ ಮಾತೇ. ಆದರೂ ಶಿಸ್ತು ಬೇಕು.

ನಲಿಕಲಿ ಮೇಷ್ಟ್ರು
ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅ ಆ ಇ ಈ ಅಂತ ಸಾಲಾಗಿ ಕಲಿಸುವುದು ವರ್ಣಮಾಲೆಯ ಕ್ರಮ. ಅದು ವ್ಯಾಕರಣಕ್ಕೆ ಚೆಂದ, ಆದರೆ ಮಗು ಓದು ಕಲಿಯಲು ಅದೇ ಕ್ರಮ ಬೇಕು ಅಂತ ಏನೂ ಇಲ್ಲ. 49 ಅಕ್ಷರ ಮುಗಿಯುವವರೆಗೆ ಮಗುವಿಗೆ ಒಂದು ಪದ ಓದಿದ ಖುಷಿಯೂ ಸಿಗಲ್ಲ. ಮೊದಲ ಹದಿನೈದರಲ್ಲಿ ಸ್ವರಗಳು, ಅಂ, ಅಃ. ಅದರಲ್ಲಿ ಏನು ಪದ ಕಟ್ಟುತ್ತೀರಿ?

ನಲಿಕಲಿ ಅಂದರೆ ಸರ್ಕಾರಿ ಶಾಲೆಯಲ್ಲಿ ಕಾರ್ಡು, ಆಟ ಇಟ್ಟುಕೊಂಡು ಗುಂಪಿನಲ್ಲಿ ಕಲಿಸುವ ಪದ್ಧತಿ. ಅದರಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಈ ಐದು ಗೊತ್ತಾದ ದಿನವೇ ಸರ, ದರ, ಅರಸ, ಅಗಸ, ಸರಸರ ಎಲ್ಲ ಓದಬಹುದು. ಆಮೇಲೆ ಜ, ವ, ಮ, ಬ, ನ. ಆಗ ಮರ, ಜನ, ಬಸವ, ನಗರ. ಒಂದು ಸಲ ಒಬ್ಬ ಹುಡುಗಿ ‘ಬಸವ’ ಓದಿ, ಎದ್ದು ಹೋಗಿ ಮಿಂಚುಪಟ್ಟಿಗಳನ್ನು (ಅಕ್ಷರ ಬರೆದ ಕಾರ್ಡು) ತಾನೇ ಜೋಡಿಸಿ ಅವಳ ಅಜ್ಜನ ಹೆಸರು ಮಾಡಿ ತೋರಿಸಿದಳು. ಬರೆಯಲು ಇನ್ನೂ ಬರುತ್ತಿರಲಿಲ್ಲ. ಓದು ಬೇರೆ, ಬರವಣಿಗೆ ಬೇರೆ, ಎರಡನ್ನೂ ಒಂದೇ ದಿನ ಮಗುವಿನ ತಲೆ ಮೇಲೆ ಹಾಕಬೇಕಾಗಿಲ್ಲ.

ಇದು ಹೊರಗಿಂದ ಬಂದ ಫ್ಯಾಷನ್ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಮ್ಮ ಶಿಕ್ಷಕರೇ ಶುರು ಮಾಡಿದ್ದು. ಆಂಧ್ರದ ರಿಷಿವ್ಯಾಲಿಯಲ್ಲಿ ಕಾರ್ಡು ಇಟ್ಟುಕೊಂಡು ಕಲಿಸುವುದನ್ನು ನೋಡಿ ಬಂದು ತಮಗೆ ಬೇಕಾದಂತೆ ಮಾಡಿಕೊಂಡರು, ಯುನಿಸೆಫ್ ಜೊತೆಗಿತ್ತು. 2009-10ರಿಂದ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗೂ ಬಂತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಗೆ ಅವರ ಎತ್ತರಕ್ಕೇ ಕಪ್ಪು ಬಣ್ಣ ಬಳಿದಿರುತ್ತದೆ, ಅದರಲ್ಲಿ ಅವರವರ ಜಾಗ. ತಲೆ ಮೇಲೆ ದಾರ ಕಟ್ಟಿ ಅವರು ಮಾಡಿದ ಚಿತ್ರ, ಕಾಗದದ ಹಕ್ಕಿ ತೂಗು ಹಾಕುತ್ತೇವೆ, ಕಲಿಕಾ ಚಪ್ಪರ ಅಂತ. ಜ್ವರ ಬಂದು ವಾರ ರಜೆ ಹಾಕಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ, ಪಾಠ ತಪ್ಪಿತು ಅನ್ನುವ ಮಾತೇ ಇಲ್ಲ.

ನೇರಮಾತು
ಕೇಳಲು ಚೆನ್ನಾಗಿದೆ ಮೇಷ್ಟ್ರೇ. ಹಾಗಾದರೆ ನಾಲ್ಕನೇ ಕ್ಲಾಸಿಗೆ ಬಂದರೂ ಒಂದು ಪ್ಯಾರಾ ಓದಲು ಬರದ ಮಕ್ಕಳು ಎಲ್ಲಿಂದ ಬಂದರು? ನಮ್ಮೂರ ಶಾಲೆಯಲ್ಲೇ ಇದ್ದಾರೆ, ತೋರಿಸಲಾ?

ನಲಿಕಲಿ ಮೇಷ್ಟ್ರು
ತೋರಿಸಬೇಕಾಗಿಲ್ಲ, ನನ್ನ ಶಾಲೆಯಲ್ಲೂ ಇದ್ದಾರೆ. ಮೂರು ತರಗತಿಗೆ ಒಬ್ಬನೇ ನಾನು. ಮಧ್ಯದಲ್ಲಿ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಆಧಾರ್, ಗಣತಿ, ಚುನಾವಣೆ. ಕಾರ್ಡು ಹರಿದರೆ ಹೊಸದು ಬರುವವರೆಗೆ ನಾನೇ ರಟ್ಟು ಕತ್ತರಿಸಿ ಬರೆಯಬೇಕು. ಗುಂಪಿನಲ್ಲಿ ಕೂತು ಕೈ ಹಿಡಿದು ಕಲಿಸುವ ಪದ್ಧತಿಗೆ ಕೂರಲು ಮನುಷ್ಯ ಬೇಕಲ್ವಾ? ಅದನ್ನು ಕೊಡದೆ ಪದ್ಧತಿಗೆ ಬೈದರೆ ಹೇಗೆ.

ನೇರಮಾತು
ಈ ಮಾತಿಗೆ ನನ್ನದೂ ಸೈ.

ಕೈಕಸುಬು
ನಾನು ಆಕ್ಯುಪೇಷನಲ್ ಥೆರಪಿಸ್ಟ್, ಬರೆಯುವುದು, ಹಿಡಿಯುವುದು ಇಂಥ ದಿನದ ಕೆಲಸಕ್ಕೆ ಕೈ ಪಳಗಿಸುವ ಚಿಕಿತ್ಸೆ ನನ್ನದು. ಇಂಥ ‘ಬರೆಯಲ್ಲ, ಅಳುತ್ತಾನೆ’ ಕೇಸುಗಳೇ ಜಾಸ್ತಿ ಬರುತ್ತವೆ. ಅದರಲ್ಲಿ ತುಂಬಾ ಮಕ್ಕಳಿಗೆ ಯಾವ ತೊಂದರೆಯೂ ಇರಲ್ಲ, ವಯಸ್ಸು ಸಾಲದು ಅಷ್ಟೇ.

ಮಗುವಿನ ಕೈಗೂ ಒಂದು ಕ್ರಮ ಇದೆ. ಸುಮಾರು ಮೂರು ವರ್ಷಕ್ಕೆ ನೋಡಿ ಗುಂಡಗೆ ಸುತ್ತುತ್ತದೆ. ನಾಲ್ಕಕ್ಕೆ ಕೂಡುವ ಗುರುತು ಹಾಕುತ್ತದೆ. ನಾಲ್ಕೂವರೆ, ಐದರ ಹೊತ್ತಿಗೆ ಚೌಕ. ಐದು ದಾಟಿದ ಮೇಲೆ ತ್ರಿಕೋನ, ಯಾಕೆಂದರೆ ಓರೆ ಗೆರೆ ಕಷ್ಟ. ಒಂದೆರಡು ತಿಂಗಳು ಹಿಂದೆ ಮುಂದೆ ಇರಬಹುದು. ಈಗ ನೀವೇ ಹೇಳಿ, ಚೌಕವೇ ಸರಿಯಾಗಿ ಬರದ ಕೈಗೆ ಋ, ಅದೂ ಎರಡು ಗೆರೆ ಮಧ್ಯೆ! ಗಾತ್ರ, ತಿರುವು, ಗೆರೆ ಮೂರನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಮುಷ್ಟಿ ಹಿಡಿತ, ಜಾಸ್ತಿ ಒತ್ತುವುದು ಎಲ್ಲ ಬೆರಳಿಗೆ ಇನ್ನೂ ಬಲ ಬಂದಿಲ್ಲ ಅನ್ನುವ ಗುರುತು. ಆಗ ಭುಜದಿಂದ ಬರೆಯುತ್ತಾನೆ, ಕೈ ನೋಯುತ್ತದೆ. ಅವನು ನೆಪ ಹೇಳುತ್ತಿಲ್ಲ.

ಪೆನ್ಸಿಲ್ ಬದಿಗಿಡಿ. ಹೆಬ್ಬೆರಳಿನಷ್ಟು ಉದ್ದದ ಬಳಪದ ತುಂಡು ಕೊಡಿ. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗಲ್ಲ, ತಾನಾಗೇ ಬೆರಳ ತುದಿಗೆ ಬರುತ್ತದೆ. ಗೋಡೆ ಮೇಲೆ ಹಲಗೆ ಹಾಕಿ ನಿಂತು ಗೀಚಲಿ, ಮಣಿಕಟ್ಟಿಗೆ ಒಳ್ಳೆಯದು. ಬಟ್ಟೆ ಕ್ಲಿಪ್ಪು ಹಾಕಿ ತೆಗೆಯಲಿ. ಚಪಾತಿ ಹಿಟ್ಟು ಕೊಡಿ. ಅವರೆಕಾಯಿ ಕಾಲ ಬಂದರೆ ಹಬ್ಬ: ಸುಲಿಯುವುದು ಒಂದು ಕೆಲಸ, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿತುಕುವುದು ಇನ್ನೊಂದು. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳುಗಳೇ ಅವು. ನನ್ನ ಕ್ಲಿನಿಕ್‌ನಲ್ಲಿ ದುಡ್ಡು ತೆಗೆದುಕೊಂಡು ಮಾಡಿಸುವುದನ್ನು ಬಿಟ್ಟಿಯಾಗಿ ಹೇಳುತ್ತಿದ್ದೇನೆ.

ಕಾಫಿಪುಡಿ
ಕಾಳು ಪಟಕ್ ಅಂತ ಹಾರಿ ಸೋಫಾ ಕೆಳಗೆ ಹೋಗುತ್ತದೆ, ಅದನ್ನು ಹುಡುಕಿಸುವುದೂ ಎಕ್ಸರ್ಸೈಜೇ ಅಲ್ವಾ 😄

ಯಲಹಂಕ ಹುಡುಗ
ವಾಟ್ಸಾಪಲ್ಲಿ ಒಂದು ಎಕ್ಸ್‌ರೇ ಓಡಾಡುತ್ತಿದೆಯಲ್ಲ, ಚಿಕ್ಕ ಮಗುವಿನ ಕೈ ಮತ್ತು ಏಳು ವರ್ಷದವರ ಕೈ. ಚಿಕ್ಕ ಮಕ್ಕಳ ಮಣಿಕಟ್ಟಿನಲ್ಲಿ ಮೂಳೆಯೇ ಇರಲ್ಲ, ಅದಕ್ಕೇ ಬರೆಸಬಾರದು ಅಂತ. ನಿಜವಾ?

ಕೈಕಸುಬು
ಅರ್ಧ ನಿಜ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆ. ಹುಟ್ಟಿದಾಗ ಅವು ಮೃದುವಾದ ಎಲುಬು, ಎಕ್ಸ್‌ರೇಯಲ್ಲಿ ಕಾಣಲ್ಲ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ, ಕೊನೆಯದಕ್ಕೆ ಎಂಟು ವರ್ಷ ದಾಟಬೇಕು. ಹಾಗಂತ ಅದೇ ಕಾರಣಕ್ಕೆ ಬರೆಸಬಾರದು ಅನ್ನುವುದಾದರೆ ಎರಡನೇ ಕ್ಲಾಸಿನವರೂ ಬರೆಯುವ ಹಾಗಿಲ್ಲ! ಇಲ್ಲಿ ಮುಖ್ಯ ಆಗುವುದು ಸ್ನಾಯುವಿನ ಬಲ, ಕಣ್ಣು ಕೈ ಹೊಂದಾಣಿಕೆ. ಎಕ್ಸ್‌ರೇ ಚಿತ್ರ ತೋರಿಸಿ ಶಾಲೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಆರು ವರ್ಷದ ಸುಮಾರಿಗೆ ಒಂದನೇ ತರಗತಿ. ಅದಕ್ಕೆ ಮುಂಚೆ ಕಿಂಡರ್‌ಗಾರ್ಟನ್, ಅಲ್ಲಿ ಅಕ್ಷರ ಕಲಿಸುವ ಗೋಜೇ ಇಲ್ಲ. ಮಳೆ ಬಂದರೂ ರಬ್ಬರ್ ಬೂಟು, ಮಳೆ ಪ್ಯಾಂಟು ಹಾಕಿಸಿ ಹೊರಗೆ ಬಿಡುತ್ತಾರೆ. ಮಗಳು ಮನೆಗೆ ಬಂದರೆ ಜೇಬಿನ ತುಂಬ ಕಲ್ಲು. ಶುರುವಿನಲ್ಲಿ ನಾನೂ ಹೆಂಡತಿಯೂ ಒದ್ದಾಡಿದೆವು, ಊರಲ್ಲಿ ಅಣ್ಣನ ಮಗ ಆಗಲೇ ಮಗ್ಗಿ ಹೇಳುತ್ತಿದ್ದ. ಶಾಲೆಯ ಮೊದಲ ದಿನ ಮಗುವಿನ ಕೈಗೆ ಉದ್ದನೆಯ ಕಾಗದದ ಶಂಕು ಕೊಡುತ್ತಾರೆ, ಒಳಗೆ ಮಿಠಾಯಿ, ಪೆನ್ಸಿಲ್ಲು, ಆಟಿಕೆ. ಶುಲ್‌ಟ್ಯೂಟೆ ಅನ್ನುತ್ತಾರೆ. ಅಕ್ಷರ ಶುರು ಆಗುವುದೇ ಅದರ ಮೇಲೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಮಗಳು ಪುಸ್ತಕ ಓದುತ್ತಿದ್ದಳು.

ಹುಬ್ಬಳ್ಳಿ ಮಂದಿ
ಸಾರ್, ಜರ್ಮನಿ ಮಾತು ಜರ್ಮನಿಗೆ ಇರಲಿ. ಇಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕಾದರೆ ಮಗುವಿಗೆ ಇಂಟರ್‌ವ್ಯೂ ಮಾಡುತ್ತಾರೆ, ಸ್ಪೆಲ್ಲಿಂಗ್ ಕೇಳುತ್ತಾರೆ. ಕಲ್ಲು ಆರಿಸುತ್ತಾ ಕೂತರೆ ಸೀಟು ಯಾರು ಕೊಡುತ್ತಾರ್ರೀ?

ಕಾನೂನು ಪುಟ
@ಹುಬ್ಬಳ್ಳಿ ಮಂದಿ ಆ ಇಂಟರ್‌ವ್ಯೂ ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 13 ನೋಡಿ, ಶಾಲೆಗೆ ಸೇರಿಸುವಾಗ ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. ‘ಸುಮ್ನೆ ಮಾತಾಡಿಸುತ್ತೇವೆ’ ಅಂತ ಹೆಸರು ಬದಲಾಯಿಸಿ ಮಾಡುತ್ತಾರೆ, ಅದು ಬೇರೆ ಮಾತು.

ಇನ್ನೊಂದು. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ತರಗತಿವರೆಗೆ ಹೋಮ್‌ವರ್ಕೇ ಬೇಡ ಅಂತ ಇದೆ. ಎಲ್‌ಕೆಜಿಗಂತೂ ಬ್ಯಾಗೇ ಬೇಡ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅನ್ನುತ್ತದೆ, ಅಂದರೆ ಅಂಗನವಾಡಿಯಿಂದ ಎರಡನೇ ಕ್ಲಾಸಿನವರೆಗೆ ಆಟದ ಮೂಲಕವೇ ಪಾಠ. ಕೇಂದ್ರ ರಾಜ್ಯ ಕಿತ್ತಾಟ ಏನೇ ಇರಲಿ, ಈ ಭಾಗದ ಬಗ್ಗೆ ಯಾರೂ ಜಗಳ ಆಡಿದ್ದು ನಾನು ನೋಡಿಲ್ಲ.

ಹಾಸನದ ಅಮ್ಮ
ನಿಯಮ ಇದೆ, ಸರಿ. ಡೈರಿಯಲ್ಲಿ ‘ನೀತಿ ಪ್ರಕಾರ ಬರೆಸಿಲ್ಲ’ ಅಂತ ಬರೆದು ಕಳಿಸುವ ಧೈರ್ಯ ಯಾರಿಗಿದೆ?

ಯಲಹಂಕ ಹುಡುಗ
ಆರು ವರ್ಷದ ಗಲಾಟೆ ನೆನಪಿದೆಯಾ? ಜೂನ್ 1ಕ್ಕೆ ಆರು ತುಂಬಿದ್ದರೆ ಮಾತ್ರ ಒಂದನೇ ಕ್ಲಾಸು ಅಂತ 2022ರಲ್ಲಿ ಆದೇಶ ಆಯಿತು. ಅಯ್ಯೋ ನಮ್ಮ ಮಗುವಿಗೆ ಒಂದು ವರ್ಷ ವೇಸ್ಟು ಅಂತ ಎಲ್ಲರೂ ಬೊಬ್ಬೆ. 2025-26ಕ್ಕೆ ಮುಂದಕ್ಕೆ ಹಾಕಿದರು. ಆ ವರ್ಷವೂ ಗಲಾಟೆ ಆಗಿ ರಾಜ್ಯ ಪಠ್ಯಕ್ರಮದವರಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದರು. ನನ್ನ ಅಕ್ಕನೇ ಅರ್ಜಿ ಹಿಡಿದು ಓಡಾಡಿದಳು. ಮಗು ಇನ್ನೊಂದು ವರ್ಷ ಆಟ ಆಡುವುದಕ್ಕೆ ವೇಸ್ಟು ಅಂತ ಹೆಸರು!

ಹುಬ್ಬಳ್ಳಿ ಮಂದಿ
ಆಟ ಆಡುವ ವರ್ಷ ಅಂದಿರಲ್ಲ, ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂಡಿಸಿ ಫೀಸು ತೆಗೆದುಕೊಳ್ಳುತ್ತಾರೆ. ಅರವತ್ತು ಎಪ್ಪತ್ತು ಸಾವಿರ. ನಿಮ್ಮ ಅಕ್ಕ ಓಡಾಡಿದ್ದು ಅದಕ್ಕೂ ಇರಬಹುದು.

ಯಲಹಂಕ ಹುಡುಗ
ಹ್ಞೂಂ, ಅದೂ ಹೌದು.

ಅಂಗನವಾಡಿ ಅಕ್ಕ
ಫೀಸು ಇಲ್ಲದ ಜಾಗ ಒಂದಿದೆ, ಯಾರೂ ಹೆಸರೇ ಎತ್ತಲಿಲ್ಲ. 1975ರಲ್ಲಿ ದೇಶದಲ್ಲಿ ಐಸಿಡಿಎಸ್ (ಅಂಗನವಾಡಿ ನಡೆಸುವ ಮಕ್ಕಳ ಅಭಿವೃದ್ಧಿ ಯೋಜನೆ) ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಅಷ್ಟು ಹಳೆಯದು ನಮ್ಮ ಕೆಲಸ. ನಮ್ಮಲ್ಲಿ ಚಿಲಿಪಿಲಿ ಅನ್ನುವ ಅಂಗನವಾಡಿ ಪಠ್ಯದ ಪ್ರಕಾರ ವಾರಕ್ಕೊಂದು ವಿಷಯ. ಹಣ್ಣಿನ ವಾರ ಅಂದರೆ ಹಣ್ಣಿನ ಕಥೆ, ಹಣ್ಣಿನ ಹಾಡು, ಹಣ್ಣು ಮುಟ್ಟಿ ನೋಡಿ ನುಣುಪೋ ಒರಟೋ ಹೇಳುವುದು. ಕಣ್ಣು ಕಟ್ಟಿ ವಾಸನೆಯಲ್ಲಿ ನಿಂಬೆ, ಬಾಳೆ ಗುರುತಿಸುವ ಆಟಕ್ಕೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಬರವಣಿಗೆ ಇಲ್ಲ. ಅದಕ್ಕೇ ತಾಯಂದಿರು ‘ಇಲ್ಲಿ ಏನೂ ಕಲಿಸಲ್ಲ’ ಅಂತ ಮೂರು ವರ್ಷದ ಮಗೂನ ವ್ಯಾನಿಗೆ ಹತ್ತಿಸುತ್ತಾರೆ. ಈಗ ಕೆಲವು ಕಡೆ ಅಂಗನವಾಡಿಯಲ್ಲೇ ಎಲ್‌ಕೆಜಿ ಯುಕೆಜಿ ಶುರುವಾಗಿದೆ. ಕಲಿಸುವುದು ಅದೇ, ಯೂನಿಫಾರ್ಮ್ ಬಂದ ಮೇಲೆ ಮರ್ಯಾದೆ ಬಂತು.

ಕಾಫಿಪುಡಿ
ಕೊನೆ ಸಾಲಿಗೆ ನೂರು ಲೈಕು.

ಮೈಸೂರು ಅಮ್ಮ
ಮಾಂಟೆಸ್ಸರಿ ಹಾಕಿದರೆ ಹೇಗೆ? ನಮ್ಮ ಏರಿಯಾದಲ್ಲಿ ಮೂರು ಇವೆ.

ಕಾನೂನು ಪುಟ
ಬೋರ್ಡು ನೋಡಿ ಸೇರಿಸಬೇಡಿ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಬಡವರ ಮಕ್ಕಳಿಗೆ ಅಂತ ಶುರು ಮಾಡಿದ್ದು, ಈಗ ಎಲ್ಲಿಗೆ ಬಂದಿದೆ ನೋಡಿ. 1939ರಲ್ಲಿ ಮದರಾಸಿಗೆ ಬಂದವರು ಯುದ್ಧ ಶುರುವಾಗಿ ವರ್ಷಗಟ್ಟಲೆ ಇಲ್ಲೇ ಉಳಿದರು, ಅದಕ್ಕೇ ನಮ್ಮ ಕಡೆ ಆ ಹೆಸರು ಇಷ್ಟು ಹಬ್ಬಿದೆ.

ಒಳಗೆ ಹೋಗಿ ನೋಡಿ. ಮೂರು ನಾಲ್ಕು ಐದು ವರ್ಷದವರು ಒಟ್ಟಿಗೆ ಇದ್ದಾರಾ? ಸಾಮಾನು ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇದೆಯಾ, ಬೀರುವಿನಲ್ಲಿ ಬೀಗ ಹಾಕಿದ್ದಾರಾ? ಮರಳು ಕಾಗದದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತಾ ಶಬ್ದ ಹೇಳುತ್ತಿದೆಯಾ? ಎಲ್ಲರೂ ಬೆಂಚಲ್ಲಿ ಕೂತು ನೋಟ್ಸು ಬರೆಯುತ್ತಿದ್ದರೆ ಬೋರ್ಡಿನಲ್ಲಿ ಏನಿದ್ದರೂ ಒಂದೇ.

ಪುತ್ತೂರು ಚಿಕ್ಕಮ್ಮ
ಬೆರಳಲ್ಲಿ ಬರೆಸುವುದಕ್ಕೆ ಇಟಲಿಯವರೆಗೆ ಯಾಕೆ ಹೋಗಬೇಕು? ವಿಜಯದಶಮಿ ದಿನ ಅಕ್ಕಿಯಲ್ಲಿ ಬರೆಸುತ್ತೇವಲ್ಲ. ಅಲ್ಲಿಗೆ ನಿಲ್ಲಿಸಿ ಮಾರನೇ ದಿನ ನಾಲ್ಕು ಗೆರೆ ಪುಸ್ತಕ ಕೊಡುತ್ತೇವೆ, ಅದು ತೊಂದರೆ. ದಿನಾ ಒಂದು ತಟ್ಟೆ ರವೆ ಕೊಡಿ.

ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನೂರರವರೆಗೆ ಬಾಯಿಪಾಠ ಹೇಳುವ ನನ್ನ ತಮ್ಮನ ಮಗಳ ಮುಂದೆ ಆರು ಹುಣಸೆಬೀಜ ಒಂದು ಸಾಲು, ಅದರ ಎದುರು ಇನ್ನೊಂದು ಆರು ಇಟ್ಟೆ. ಎರಡೂ ಸಮ ಅಂದಳು. ಅವಳ ಕಣ್ಣ ಮುಂದೆಯೇ ಒಂದು ಸಾಲಿನ ಬೀಜ ದೂರ ದೂರ ಸರಿಸಿದೆ. ಈಗ? ‘ಇದರಲ್ಲಿ ಜಾಸ್ತಿ’ ಅಂದಳು! ಎಣಿಸು ಅಂದೆ. ಎರಡನ್ನೂ ಎಣಿಸಿದಳು, ಆರು, ಆರು. ‘ಆದರೂ ಇದರಲ್ಲೇ ಜಾಸ್ತಿ, ನೋಡು ಎಷ್ಟು ಉದ್ದ ಇದೆ’. ಪಿಯಾಜೆ ಎಂಬ ಸ್ವಿಸ್ ಪಂಡಿತರು ಈ ತರ ಪರೀಕ್ಷೆ ಮಾಡಿ ತೋರಿಸಿದ್ದಂತೆ, ನಾನು ಬಿ.ಎಡ್‌ನಲ್ಲಿ ಓದಿದ್ದೆ. ಕಣ್ಣಾರೆ ಕಂಡಿದ್ದು ಅವತ್ತೇ. ಈ ಮಗುವಿಗೆ 67 ಬರೆಸಿ ಏನು ಬಂತು? 67 ಅಂದರೆ ಎಷ್ಟು ಅಂತ ಅದಕ್ಕೆ ಗೊತ್ತೇ ಇಲ್ಲ.

ನಮ್ಮಲ್ಲಿ ಚೆನ್ನೆಮಣೆ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಒಂದೊಂದೇ ಕಾಯಿ ಒಂದೊಂದು ಗುಳಿಗೆ ಹಾಕುತ್ತಾ ಹೋಗುವಾಗ ಎಣಿಕೆ ಬೆರಳಿಗೆ ಹತ್ತುತ್ತದೆ. ಗೆಲ್ಲುವ ಆಟ ಐದಾರು ವರ್ಷಕ್ಕೆ ಸಾಕು, ಈಗ ಬರೀ ಕಾಯಿ ಹಾಕಿಕೊಂಡು ಹೋಗಲಿ.

ನಲಿಕಲಿ ಮೇಷ್ಟ್ರು
ಚಿಕ್ಕಮ್ಮ, ಆ ಹುಣಸೆಬೀಜದ್ದು ನಾಳೆಯೇ ನಮ್ಮ ಒಂದನೇ ತರಗತಿಯಲ್ಲಿ ಮಾಡುತ್ತೇನೆ. ನಮ್ಮ ಕಡೆ ಅಳಗುಳಿ ಮಣೆ ಅನ್ನುತ್ತಾರೆ.

ಯಲಹಂಕ ಹುಡುಗ
ಅಕ್ಷರ ತಿದ್ದುವ ಆಪ್ ಇವೆಯಲ್ಲ, ಅದು ಓಕೆನಾ? ಬೆರಳಲ್ಲೇ ತಿದ್ದುತ್ತಾರೆ, ಅಳುವುದೂ ಇಲ್ಲ.

ಕೈಕಸುಬು
ಅಳಲ್ಲ, ಬಿಡುವುದೂ ಇಲ್ಲ! ಗಾಜಿನ ಮೇಲೆ ಬೆರಳು ಜಾರುತ್ತದೆ, ಬಳಪದ ಹಾಗೆ ಒತ್ತಡ ಸಿಗಲ್ಲ. ತಪ್ಪಾಗಿ ತಿದ್ದಿದರೂ ನಕ್ಷತ್ರ ಸುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಮೂರು ನಾಲ್ಕು ವರ್ಷದವರಿಗೆ ಟೀವಿ ಮೊಬೈಲ್ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಊಟ ಮಾಡಿಸುವಾಗಲೇ ಆ ಗಂಟೆ ಖರ್ಚಾಗಿರುತ್ತದೆ ತುಂಬಾ ಮನೆಗಳಲ್ಲಿ.

ಮೈಸೂರು ಅಮ್ಮ
ಊಟದ ವಿಷಯ ಎತ್ತಬೇಡಿ ಪ್ಲೀಸ್ 🙈 ನನ್ನ ಮಗಳು ಎಡಗೈಯಲ್ಲಿ ತಿನ್ನುತ್ತಾಳೆ, ಬರೆಯುವುದೂ ಎಡಗೈ. ಅತ್ತೆ ಕೈ ಬದಲಾಯಿಸು ಅಂತ ಹಿಡಿದುಕೊಂಡು ಕೂರುತ್ತಾರೆ.

ಕೈಕಸುಬು
ಬರೆಯುವ ಕೈ ಬದಲಾಯಿಸಬೇಡಿ. ಊಟದ ಕೈ ನಿಮ್ಮ ಮನೆ ರಾಜಕೀಯ, ಅದರಲ್ಲಿ ನಾನು ತಲೆ ಹಾಕಲ್ಲ. ಎಡಗೈಯವರಿಗೆ ಕತ್ತರಿ ಬೇರೆ ಸಿಗುತ್ತದೆ, ಅದು ತಂದುಕೊಡಿ. ಪುಸ್ತಕ ಸ್ವಲ್ಪ ಬಲಕ್ಕೆ ವಾಲಿಸಿ ಇಡಿ.

ದಾಸರಹಳ್ಳಿ ಅಪ್ಪ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಿಸ್ ಹತ್ತಿರ ಮಾತಾಡಿದೆ, ನೀತಿ ಗೀತಿ ಅನ್ನದೆ ಸುಮ್ನೆ ಕೈ ನೋವಿನ ವಿಷಯ ಹೇಳಿದೆ. ಅವರು ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು: ‘ಸಾರ್, ನನಗೂ ಗೊತ್ತು. ಪುಸ್ತಕ ತುಂಬಿಸದಿದ್ದರೆ ನನಗೆ ಮೇಲಿಂದ ಬರುತ್ತದೆ. ನೀವು ಒಂದು ಸಾಲು ಬರೆಸಿ ಕಳಿಸಿ, ನಾನು ಸೈನ್ ಹಾಕುತ್ತೇನೆ. ಬೇರೆ ಪೇರೆಂಟ್ಸ್‌ಗೆ ಹೇಳಬೇಡಿ.’ ಅವರ ಕ್ಲಾಸಲ್ಲಿ ಮೂವತ್ತರ ಮೇಲೆ ಮಕ್ಕಳು, ಒಬ್ಬರು ಆಯಾ. ಇನ್ನು ಅವರಿಗೇನು ಅನ್ನಲಿ.

ಹೆಂಡತಿಗೆ ಮೇಷ್ಟ್ರ ರಗಸದಅ ಹಿಡಿಸಿದೆ. ರಟ್ಟು ಕತ್ತರಿಸಿ ಬರೆದಿದ್ದಾಳೆ. ಹುಡುಗ ‘ಸರ’ ಓದಿದ. ‘ಗರಗರ’ ಅಂತ ತಾನೇ ಜೋಡಿಸಿ ಮಿಕ್ಸಿ ಅಂದ.

ನಲಿಕಲಿ ಮೇಷ್ಟ್ರು
ಮಿಕ್ಸಿ! ಇದನ್ನು ನಾನು ಕದಿಯುತ್ತೇನೆ.

ನೇರಮಾತು
ಆದರೆ ಮಿಸ್ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಇರಬೇಡಿ ಸಾರ್. ನಿಮ್ಮ ಮಗ ಪಾರಾದ, ಉಳಿದ ಮಕ್ಕಳು ಬರೆಯುತ್ತಲೇ ಇವೆ. ನಾಲ್ಕು ಜನ ಅಪ್ಪಂದಿರು ಸೇರಿ ಮ್ಯಾನೇಜ್‌ಮೆಂಟ್ ಹತ್ತಿರ ಹೋಗಿ, ಮಿಸ್ ಹೆಸರು ತರದೆ ಮಾತಾಡಿ.

ಹಾಸನದ ಅಮ್ಮ
ನೇರಮಾತು ಅವರು ಪಾರ್ಟಿ ಬದಲಾಯಿಸಿದರು, ಎಲ್ಲರೂ ಗಮನಿಸಿ!

ನೇರಮಾತು
ಶಿಸ್ತು ಮ್ಯಾನೇಜ್‌ಮೆಂಟಿಗೂ ಬೇಕು ಮೇಡಂ.

ತುಮಕೂರು ಸೊಸೆ
ಒಂದು ಡೌಟು ಇದೆ, ಈಗ ತಾನೇ ಎಲ್ಲ ಓದಿ ಮುಗಿಸಿದೆ. ಮಗಳಿಗೆ ಐದೂವರೆ. 3ನ್ನು ತಿರುಗಿಸಿ ಬರೆಯುತ್ತಾಳೆ, ನ ಮತ್ತು ಸ ಅದಲು ಬದಲು. ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವ ತೊಂದರೆ) ಅಂತ ನಮ್ಮ ನಾದಿನಿ ಗೂಗಲ್ ಮಾಡಿ ಹೇಳಿ ಹೆದರಿಸಿದ್ದಾಳೆ.

ಕೈಕಸುಬು
ಏಳು ವರ್ಷದವರೆಗೂ ತಿರುಗಿಸಿ ಬರೆಯುವುದು ಮಾಮೂಲು. ನ ಸ ಒಂದನ್ನೊಂದು ಹೋಲುತ್ತವೆ, ಒಂದೇ ವಾರ ಎರಡನ್ನೂ ಕಲಿಸಬೇಡಿ. ಪ್ರಾಸದ ಪದ ಹೇಳುತ್ತಾಳಾ, ‘ಮರ’ದ ಮೊದಲ ಶಬ್ದ ಯಾವುದು ಅಂದರೆ ಹೇಳುತ್ತಾಳಾ, ಅದನ್ನು ನೋಡಿ. ಎರಡನೇ ಕ್ಲಾಸು ಅರ್ಧ ಆದರೂ ಓದುವುದರಲ್ಲಿ ತುಂಬಾ ಕಷ್ಟ ಇದ್ದರೆ ಆಗ ತೋರಿಸೋಣ. ನಾದಿನಿಗೆ ಅವರೆಕಾಯಿ ಸುಲಿಯಲು ಹೇಳಿ.